ಚೈತ್ರದ ಗಾಳಿಯಲ್ಲಿ ಲಾಲ್‌ಬಾಗಿನ ಸಂಚಾರ

ವಸಂತವೆಂದೊಡನೆ ಮಂದಮಾರುತವನ್ನು ನೆನೆಯುವುದು ಕವಿಗಳ ವಾಡಿಕೆ. ಬೆಂಗಳೂರಿನ ವಸಂತವಾದರೋ ಎಲ್ಲ ದಿನವೂ ಅವರ ಮಾತನ್ನು ನಡೆಸಿಕೊಡುವುದಿಲ್ಲ. ಯುಗಾದಿಯ ಹಿಂದುಮುಂದಿನ ವಾರಗಳಲ್ಲಿ ಹಗಲಿನ ಬಿಸಿಲು ನೆಲವನ್ನು ಕಾಯಿಸಿ, ಸಂಜೆಗೆ ಮೋಡ ಕಟ್ಟಿ, ಮಳೆಗೆ ಮೊದಲೇ ಗಾಳಿಯು ಧೂಳನ್ನೆಬ್ಬಿಸಿಕೊಂಡು ನುಗ್ಗುವುದುಂಟು. ಇಂತಹ ದಿನ ವಾಯುವಿಹಾರಕ್ಕೆ ಹೊರಡುವುದೆಂದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಆದರೂ ಗಿಡಮರಗಳ ಸಂಸಾರವನ್ನು ನೋಡಬಯಸುವವರಿಗೆ ಗಾಳಿಯುಳ್ಳ ದಿನವೇ ಮೇಲೆಂದು ನಮ್ಮ ಅಭಿಪ್ರಾಯ.

ಯುಗಾದಿ ಕಳೆದ ಭಾನುವಾರ ನೆರೆಹೊರೆಯ ನಾಲ್ಕು ಮನೆಗಳವರು ಸೇರಿ 13 ಮಂದಿ ಲಾಲ್‌ಬಾಗಿಗೆ ಹೊರಟೆವು. ಎಲ್ಲರಿಗಿಂತ ಕಿರಿಯವಳಿಗೆ 6 ವರ್ಷ. ಹಿರಿಯರಾದ ಅಜ್ಜಿಗೆ 76. ಆಕೆ ಹಿಂದಿನ ವರ್ಷ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೂಳೆ ಕೂಡಿ ತಿಂಗಳುಗಳೇ ಕಳೆದಿದ್ದರೂ ಬೀದಿಗೆ ಇಳಿಯುವ ಧೈರ್ಯ ಬಂದಿರಲಿಲ್ಲ. “ನನಗಾಗಿ ಯಾರೂ ನಿಲ್ಲಬೇಡಿರಪ್ಪ” ಎಂದು ಹೊರಡುವಾಗಲೇ ಹೇಳಿದರು. ಆಕೆಗಿಂತ ಮುಂದೆ ಯಾರೂ ನಡೆಯಕೂಡದೆಂದು ನಾವು ನಮ್ಮೊಳಗೇ ನಿಶ್ಚಯಿಸಿಕೊಂಡೆವು.

ಹೈದರಾಲಿಯು 1760ರಲ್ಲಿ ಆರಂಭಿಸಿದ ಈ ತೋಟ ಈಗ ಸುಮಾರು 240 ಎಕರೆಗಳಷ್ಟು ಹರಡಿದೆ. 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯನ್ನು ಎಲ್ಲರೂ ಬಲ್ಲರು. ಅದರ ವರ್ಣನೆಗೆ ನಾವು ಕೈಹಾಕುವುದಿಲ್ಲ. ಅಂದು ನಮ್ಮನ್ನು ತಡೆದು ನಿಲ್ಲಿಸಿದುದು ಒಂದು ಮಹಾಗನಿ ಮರ. ಗಾಳಿ ಬೀಸಿದಾಗಲೆಲ್ಲ ಅದರ ತುದಿಯಿಂದ ಕಂದುಬಣ್ಣದ ಚೂರುಗಳು ಗಿರಗಿರನೆ ತಿರುಗುತ್ತ ಇಳಿಯುತ್ತಿದ್ದವು.

“ಅಜ್ಜೀ, ಇದು ಚಿಟ್ಟೆಯೋ ಎಲೆಯೋ?” ಎಂದಳು ಹುಡುಗಿ.

ಅದು ಬೀಜ. ಮಹಾಗನಿಯ ಕಾಯಿ ಮರದಂತೆ ಗಡುಸು. ಬಲಿತ ಮೇಲೆ ಬುಡದ ಕಡೆಯಿಂದ ಐದು ಹೋಳಾಗಿ ಬಿರಿಯುತ್ತದೆ. ಒಳಗಿನ ಒಂದೊಂದು ಬೀಜಕ್ಕೂ ತೆಳುವಾದ ರೆಕ್ಕೆಯಿದೆ. ರೆಕ್ಕೆಯಿರುವುದರಿಂದ ಬೀಜವು ನೆಟ್ಟಗೆ ಬೀಳದೆ ಸುತ್ತುತ್ತ ನಿಧಾನವಾಗಿ ಇಳಿಯುತ್ತದೆ. ಅಷ್ಟರೊಳಗೆ ಗಾಳಿಯು ಅದನ್ನು ದೂರಕ್ಕೆ ಒಯ್ಯುತ್ತದೆ. ತಾಯಿಮರದ ದಟ್ಟ ನೆರಳಿನಲ್ಲೇ ಬಿದ್ದ ಬೀಜಕ್ಕೆ ಬೆಳಕೂ ನೀರೂ ಸಾಲದಷ್ಟೆ. ಬಿಳಿ ಬೂರುಗದ ಬೀಜವು ಅರಳೆಯೊಳಗೆ ಹುದುಗಿಕೊಂಡು ಇದೇ ಗಾಳಿಯಲ್ಲಿ ಪ್ರಯಾಣಮಾಡುತ್ತದೆ. ಹೊಂಗೆಗೆ ಮಾತ್ರ ಗಾಳಿಯ ಹಂಗಿಲ್ಲ. ಅದರ ಕಾಯಿ ನೀರಿನಲ್ಲಿ ತೇಲಿ ಹೋಗತಕ್ಕದ್ದು. ಆದರೂ ಗಾಳಿಗೆ ಉದುರಿದ ಹೊಂಗೆಹೂವು ದಾರಿಯುದ್ದಕ್ಕೂ ಅರಳು ಚೆಲ್ಲಿದಂತೆ ಬಿದ್ದಿತ್ತು. ಬಾಲ್ಯದಲ್ಲಿ ಹೊಂಗೆಎಣ್ಣೆಯ ದೀಪದ ಮುಂದೆ ಓದಿದುದನ್ನು ಅಜ್ಜಿ ಮಕ್ಕಳಿಗೆ ಹೇಳುತ್ತ ನಡೆದರು, ನಡೆಯುತ್ತಿರುವೆನೆಂಬುದನ್ನೇ ಮರೆತಂತಿತ್ತು.

ಬಂಡೆಯ ಬಳಿಗೆ ಬಂದಾಗ ಆ ಮರೆವು ಬಿಟ್ಟಿತು. ಕೆಂಪೇಗೌಡನ ಗೋಪುರವನ್ನು ಹೊತ್ತಿರುವ ಈ ಬಂಡೆ ಸುಮಾರು 300 ಕೋಟಿ ವರ್ಷಗಳ ಹಿಂದಿನದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಅದರ ಮೇಲೆ ಗಾಳಿಗೆ ಅಡ್ಡವಾಗುವ ಮರವಿಲ್ಲ. ಸೀರೆಯ ಸೆರಗು ಒಂದು ಕಡೆಗೆ, ಕೊಡೆ ಒಂದು ಕಡೆಗೆ. ಹತ್ತುವುದು ಬೇಡವೆಂದು ಸೊಸೆಯು ಹೇಳಿದರು, ಹತ್ತಲೇಬೇಕೆಂದು ಮಕ್ಕಳು. ಅಜ್ಜಿ ಇಬ್ಬರ ಮಾತನ್ನೂ ಕೇಳದೆ ಅರ್ಧದವರೆಗೆ ಹತ್ತಿ, ಬಿಸಿಲಿನ ಕಾವು ಇನ್ನೂ ಆರದ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾವೂ ಅಲ್ಲಿಯೇ ಕುಳಿತೆವು.

ಆಗಲೇ ದೂರದಲ್ಲಿ ಮಿಂಚಿತು. ಹೈಸ್ಕೂಲಿನ ಹುಡುಗನೊಬ್ಬನು ಎಣಿಸತೊಡಗಿದನು. ಗುಡುಗು ಕೇಳಿಸುವುದಕ್ಕೆ 24 ಸೆಕೆಂಡು ಹಿಡಿಯಿತು. 3 ಸೆಕೆಂಡಿಗೆ 1 ಕಿಲೋಮೀಟರಿನಂತೆ 8 ಕಿಲೋಮೀಟರು. ಅಷ್ಟು ದೂರವಿದೆಯಲ್ಲಾ ಎಂದು ನಿಶ್ಚಿಂತರಾಗುವಂತಿಲ್ಲ. ಸಿಡಿಲು ಅಷ್ಟು ದೂರಕ್ಕೂ ಎರಗಬಲ್ಲದು, ಬೋಳುಬಂಡೆಯಂತೂ ಅದಕ್ಕೆ ತಕ್ಕ ಜಾಗ. ಇಳಿಯಬೇಕಾಯಿತು. ಹತ್ತುವುದಕ್ಕಿಂತ ಇಳಿಯುವುದೇ ಮುರಿದ ಸೊಂಟಕ್ಕೆ ಕಷ್ಟ. ಇಬ್ಬರು ಎರಡು ತೋಳುಗಳನ್ನು ಹಿಡಿದರು; ಒಬ್ಬರು ಗಾಳಿಗೆ ಅಡ್ಡವಾಗಿ ಪಕ್ಕದಲ್ಲಿ ನಡೆದರು. ಮಕ್ಕಳೂ ಓಡಲಿಲ್ಲ. ಅಜ್ಜಿ ಒಂದೊಂದು ಹೆಜ್ಜೆಗೂ ನಿಂತು, ಉಸಿರೆಳೆದುಕೊಂಡು ಮುಂದಿನದನ್ನು ಇಟ್ಟರು. ಅವಸರಪಡಿಸುವ ಮಾತನ್ನು ಯಾರೂ ಆಡಲಿಲ್ಲವೆಂಬುದು ನಮಗೆ ಸಂತೋಷದ ಸಂಗತಿ.

ಬುಡಕ್ಕೆ ಬಂದೊಡನೆ ಕೆಲವರು ಮರದ ಕೆಳಗೆ ನಿಲ್ಲೋಣವೆಂದರು. ಅದು ಸಲ್ಲದು. ಸಿಡಿಲಿನ ಭಯ ಹಾಗಿರಲಿ, ಬಿರುಗಾಳಿಯಲ್ಲಿ ಮುದಿ ಮಳೆಮರದ ಭಾರವಾದ ಕೊಂಬೆಯೂ ಪೆಡಸಾದ ಗುಲ್‌ಮೊಹರಿನ ಕೊಂಬೆಯೂ ಮುರಿದು ಬೀಳುವುದುಂಟು. ಹತ್ತಿರದ ಕಟ್ಟಡವೊಂದನ್ನು ಸೇರುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ಅರ್ಧ ಗಂಟೆಯಲ್ಲಿ ಎಲ್ಲವೂ ಶಾಂತವಾಯಿತು.

ಮರುದಿನ ಅಜ್ಜಿಗೆ ಕಾಲುನೋವು ಇತ್ತೆಂದು ಕೇಳಿದೆವು. ಸಂಜೆ ಸೊಸೆಯ ಕೈಯಲ್ಲಿ ಹೇಳಿಕಳುಹಿಸಿದರು: ಮುಂದಿನ ಭಾನುವಾರ ಕೆರೆಯ ದಂಡೆಯ ಕಡೆಗೆ ಹೋಗುವುದಾದರೆ ತಾವೂ ಬರುವುದಾಗಿ, ಆದರೆ ಸಂಜೆ ಬೇಡ, ಬೆಳಗ್ಗೆಯೇ ಹೊರಡಬೇಕೆಂದು.