ಕುಕ್ಕರ್ ಹಿಡಿಸದ ಸಿಂಕ್ ಯಾಕೆ?

ಕ್ಯಾಂಪರ್ ವ್ಯಾನಿಗೆಂದೇ ಮಾರುವ ಸಿಂಕು, ಒಲೆಗಳ ಚಿತ್ರ ನೋಡಿದಾಗಲೆಲ್ಲ ನನಗೆ ಬರುವ ಯೋಚನೆ ಒಂದೇ: ಇದನ್ನು ಮಾಡಿದವರು ಊಟಕ್ಕೆ ಏನು ತಿನ್ನುತ್ತಾರೆ? ಗಾಜಿನ ಮುಚ್ಚಳ, ಮಡಚಿದರೆ ಒಳಗೇ ಮಲಗುವ ನಲ್ಲಿ, ಐದಾರು ಇಂಚು ಆಳ. ಎರಡು ಕಪ್ಪು, ಒಂದು ತಟ್ಟೆ ತೊಳೆಯಲು ಧಾರಾಳ. ಹುಳಿ ಮಾಡಿದ ಕುಕ್ಕರ್ ಇಟ್ಟು ನಲ್ಲಿ ತಿರುಗಿಸಿದರೆ ಮಾತ್ರ ನೀರೆಲ್ಲ ಸೀರೆಯ ಮೇಲೆ.

ನಿವೃತ್ತಿಯ ನಂತರ ನಾನೂ ಯಜಮಾನರೂ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಒಳಗೆ ಅಡುಗೆ ಕಟ್ಟೆ ಮಾಡಿಸಿದೆವು. “ಅಮ್ಮ, ಎಲ್ರೂ ಈ ಸಿಂಕೇ ಹಾಕಿಸೋದು, ಜಾಗ ಉಳಿಯುತ್ತೆ” ಎಂದ ಫ್ಯಾಬ್ರಿಕೇಷನ್ ಹುಡುಗನ ಮುಂದೆ, ಚೀಲದಲ್ಲಿ ಒಯ್ದಿದ್ದ ಕುಕ್ಕರು, ಕಾವಲಿ ಎರಡನ್ನೂ ಇಟ್ಟೆ. “ಮೊದಲು ಇವುಗಳ ಅಳತೆ ತಗೋಪ್ಪ.” ಕುಕ್ಕರ್ ಹಿಡಿ ಸೇರಿ 15 ಇಂಚು ಉದ್ದ, ವಿಶಲ್ ಸೇರಿ 8 ಇಂಚು ಎತ್ತರ. ಕಾವಲಿ 11 ಇಂಚು. ಸಿಂಕಿನ ಆಳ, ಒಲೆಯ ಜಾಗ, ಮೇಲಿನ ಕಪಾಟಿನ ಎತ್ತರ, ಎಲ್ಲವೂ ಆ ಮೂರು ಅಂಕಿಗಳಿಂದಲೇ ಹೊರಟವು. ಮಾಮೂಲಿ ಸ್ಟೀಲ್ ಸಿಂಕನ್ನೇ ಹಾಕಿಸಿ, ಮೇಲೆ ಮುಚ್ಚಲು ಈಳಿಗೆಮಣೆ ಇಡುವಷ್ಟು ಗಟ್ಟಿಯಾದ ಹಲಗೆ ಮಾಡಿಸಿದೆ. ಮುಚ್ಚಿದರೆ ಅದೇ ಕಟ್ಟೆ.

ಇಕ್ಕಟ್ಟಿನ ಅಡುಗೆಮನೆಯ ಲೆಕ್ಕಾಚಾರ ಹಳೆಯದು. 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟ ಷುಟ್ಟ-ಲಿಹೋಟ್ಸ್‌ಕಿ ಜರ್ಮನಿಯ ಫ್ರಾಂಕ್‌ಫರ್ಟಿನ ಸಣ್ಣ ಮನೆಗಳಿಗೆ ಅಡುಗೆಮನೆ ರೂಪಿಸಿದಾಗ ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನೇ ಮಾದರಿ ಮಾಡಿಕೊಂಡಿದ್ದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಜಾಗ. ನಿಂತಲ್ಲಿಂದ ಹೆಚ್ಚು ಓಡಾಡದೆ ಎಲ್ಲವೂ ಕೈಗೆ ಸಿಗಬೇಕು ಎಂಬುದು ಲೆಕ್ಕ. ನಮ್ಮ ವ್ಯಾನಿನಲ್ಲಿ ಅಷ್ಟೂ ಜಾಗವಿಲ್ಲ ಅನ್ನಿ.

ನೀರಿನ ವಿಷಯಕ್ಕೆ ಬಂದರೆ, ಒಂದು ಲೀಟರಿಗೆ ಒಂದು ಕಿಲೋ. 100 ಲೀಟರಿನ ಟ್ಯಾಂಕ್ ಎಂದರೆ ಇನ್ನಿಬ್ಬರನ್ನು ಕೂರಿಸಿಕೊಂಡು ಘಟ್ಟ ಹತ್ತಿದ ಹಾಗೆ. ನಮಗೆ ಒಗ್ಗಿದ್ದು 20 ಲೀಟರಿನ ಬಬಲ್ ಕ್ಯಾನು. ಅದರ ಬಾಯಿಗೆ ಸಿಕ್ಕಿಸುವ, ಮೊಬೈಲ್ ಚಾರ್ಜರಿನಲ್ಲೇ ಚಾರ್ಜ್ ಆಗುವ ಪಂಪು ಎಲ್ಲ ಊರಲ್ಲೂ ಸಿಗುತ್ತದೆ; ಕ್ಯಾನು ಖಾಲಿಯಾದರೆ ಕಿರಾಣಿ ಅಂಗಡಿಯಲ್ಲಿ ಬದಲಾಯಿಸಿಕೊಂಡರಾಯಿತು. ಸಿಂಕಿನ ಕೆಳಗೆ ಇನ್ನೊಂದು ಖಾಲಿ ಕ್ಯಾನು, ಮುಸುರೆ ನೀರಿಗೆ. ಸಿಂಕಿನ ಪೈಪನ್ನು ಅದಕ್ಕೆ ನೇರ ಇಳಿಬಿಟ್ಟರೆ ಎರಡನೇ ದಿನಕ್ಕೆ ವ್ಯಾನೆಲ್ಲ ನಾರುತ್ತದೆ. ನಡುವೆ ಒಂದು ಬಾಗು ಕೊಟ್ಟು ಅಲ್ಲಿ ನೀರು ನಿಲ್ಲುವಂತೆ ಮಾಡಬೇಕು.

ಒಲೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ವ್ಯಾನಿನ ಎರಡು ಬರ್ನರ್ ಒಲೆಗಳಲ್ಲಿ ಬರ್ನರುಗಳ ನಡುವೆ ಅಂತರ ಕಡಿಮೆ. ಕುಕ್ಕರ್ ಇಟ್ಟರೆ ಕಾವಲಿಗೆ ಜಾಗವಿಲ್ಲ. ಹಾಗಿದ್ದಮೇಲೆ ಎರಡನೆಯದು ಯಾಕೆ? ದೊಡ್ಡ ಬರ್ನರಿನ ಒಂಟಿ ಒಲೆಯೇ ಮೇಲು. ಗಾಜಿನ ಮುಚ್ಚಳದ ಒಲೆ ಬೇಡವೇ ಬೇಡ: ಬರ್ನರ್ ಆರುವ ಮೊದಲೇ ಮುಚ್ಚಿದರೆ ಗಾಜು ಸಿಡಿಯಬಹುದು. ಮನೆಯ 14.2 ಕಿಲೋ ಸಿಲಿಂಡರ್ ಬದಲು 5 ಕಿಲೋದು ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಹರಡುತ್ತದೆ, ಅಂದರೆ ಮಲಗಿದವರ ಮೂಗಿಗಿಂತ ಕೆಳಗೆ. ಆದ್ದರಿಂದ ಸಿಲಿಂಡರಿನ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು, ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಆಗಿರಬೇಕು. ಲಡಾಖಿಗೆ ಹೋಗುವವರಿಗೆ ಇನ್ನೊಂದು ಮಾತು. ಪುಟ್ಟ ಡಬ್ಬಿ ಒಲೆಗಳಲ್ಲಿ ತುಂಬುವ ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಒಲೆ ಉರಿಯುವುದಿಲ್ಲ.

ಗ್ಯಾಸಿನ ಗೊಡವೆಯೇ ಬೇಡ, ಇಂಡಕ್ಷನ್ ಸಾಕು ಎನ್ನುವವರು ಬ್ಯಾಟರಿಯ ಲೆಕ್ಕ ನೋಡಲಿ. 1200 ವ್ಯಾಟಿನ ಒಲೆ 12 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ದಪ್ಪ ವೈರು, ಒಳ್ಳೆಯ ಇನ್ವರ್ಟರ್, ಫ್ಯೂಸು. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1280 ವ್ಯಾಟ್-ಅವರ್. ಅನ್ನ, ಹುಳಿ, ಪಲ್ಯ, ಕಾಫಿ ಅಂತ ಎರಡು ಹೊತ್ತು ಮಾಡುವಷ್ಟರಲ್ಲಿ ಅದು ಬಹುಮಟ್ಟಿಗೆ ಬರಿದಾಗುತ್ತದೆ. ಆಷಾಢದ ಮಲೆನಾಡಿನಲ್ಲಿ ಸೋಲಾರ್ ನಂಬಿ ಕೂತರೆ ಅವಲಕ್ಕಿಯೇ ಗತಿ.

ಫ್ರಿಜ್ಜಿಗೆ ಮಾತ್ರ ದುಡ್ಡು ನೋಡಬೇಡಿ. ಅಗ್ಗದ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಗಳು ಹೊರಗಿನ ಬಿಸಿಗಿಂತ ಹೆಚ್ಚೆಂದರೆ 20 ಡಿಗ್ರಿ ಇಳಿಸಿಯಾವು. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು 40 ದಾಟಿದಾಗ ಒಳಗಿನ ಹಾಲು ಒಡೆಯದೆ ಇನ್ನೇನಾದೀತು? 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಶಾಖದಿಂದಲೇ ತಣ್ಣಗಾಗಿಸುವ ಫ್ರಿಜ್ ಕಂಡುಹಿಡಿದರು. ಗ್ಯಾಸಿನಲ್ಲೂ ನಡೆಯುವ ಕ್ಯಾರವಾನ್ ಫ್ರಿಜ್ಜುಗಳ ಮೂಲ ಅದೇ. ಸದ್ದಿಲ್ಲದ ಜಾಣ ಯಂತ್ರ, ಆದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ನಮ್ಮ ರಸ್ತೆ ಬದಿಗಳಲ್ಲಿ ಅದೆಲ್ಲಿ ಸಾಧ್ಯ? 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜೇ ಸರಿ, ಅದೂ ಪೆಟ್ಟಿಗೆಯ ಹಾಗೆ ಮೇಲಿಂದ ತೆಗೆಯುವಂಥದು. ಮುಚ್ಚಳ ತೆಗೆದರೂ ತಂಪು ಒಳಗೇ ಉಳಿಯುತ್ತದೆ.

ಹಿಂಬಾಗಿಲು ಎತ್ತಿ, ಡ್ರಾಯರಿನಂತೆ ಒಲೆಯನ್ನು ಹೊರಗೆಳೆದು ಅಡುಗೆ ಮಾಡುವ ಏರ್ಪಾಡು ಈಕೋದಂಥ ಸಣ್ಣ ಗಾಡಿಗೆ ಅನಿವಾರ್ಯ, ಅದರೊಳಗೆ ನಿಲ್ಲಲಾಗದು. ಒಗ್ಗರಣೆಯ ಘಾಟೂ ಹೊರಗೇ ಹೋಗುತ್ತದೆ. ಆದರೆ ಇಂಥ ಅಡುಗೆಯ ಚಿತ್ರಗಳಲ್ಲಿ ಯಾವತ್ತೂ ಮಳೆಯಿಲ್ಲ, ಇಂಬಳವಂತೂ ಇಲ್ಲವೇ ಇಲ್ಲ. ಆಗುಂಬೆಯ ಜುಲೈನಲ್ಲಿ ಹೊರಗೆ ನಿಂತು ಸಾಸಿವೆ ಸಿಡಿಸಿ ನೋಡಲಿ. ನಮ್ಮದು ಪಕ್ಕದ ಬಾಗಿಲಿಗೆ ತಾಗಿದ ಒಲೆ, ಮೇಲೆ ಹೊಗೆ ಎಳೆಯುವ ಫ್ಯಾನು.

ಕಪಾಟಿಗೆ ಅಯಸ್ಕಾಂತದ ಚಿಲಕ ಹಾಕಿಸಿದವರು ಚಾರ್ಮಾಡಿಯ ಮೊದಲ ತಿರುವಿನಲ್ಲೇ ಡಬ್ಬಿಗಳನ್ನು ಆಯಬೇಕಾದೀತು. ಒತ್ತಿದರೆ ಲಾಕ್ ಆಗುವ ಗುಂಡಿಗಳೇ ಬೇಕು. ಇನ್ನು ಕಾಯಂ ಆಗಿ ಕಟ್ಟೆ ಕೂರಿಸಿ ಗಾಡಿಯ ಸ್ವರೂಪವನ್ನೇ ಬದಲಿಸುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಪ್ಲೈವುಡ್ ಕೊಯ್ಯುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ, ಏನು ಮಾಡಬಹುದು, ಯಾವ ಕಾಗದ ಬೇಕು ಎಂದು ಕೇಳಿ ಬನ್ನಿ.