ಹುಣಸೆ ಗಿಡ ಹತ್ತುವ ಮುಂಚೆ

ಶಿವರಾತ್ರಿ ಸಮೀಪಿಸಿತೆಂದರೆ ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಬದುಗಳ ಮೇಲೆ ಹುಣಸೆ ಹಣ್ಣು ಉದುರಿಸುವ ಕೆಲಸ ಮೊದಲಾಗುವದು. ಗಿಡ ಹತ್ತುವವರು ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡರೆ ಸಾಕೆಂದು ತಿಳಿಯುವರು. ಸಾಲದು. ಕಾಲು ಜಾರಿ 2 ಮೀಟರು ಬೀಳುವಷ್ಟರಲ್ಲಿಯೇ ದೇಹಕ್ಕೆ ತಾಸಿಗೆ ಸುಮಾರು 22 ಕಿಲೋಮೀಟರಿನ ವೇಗ ಬಂದಿರುತ್ತದೆ. ಆ ಜಗ್ಗು ಸೊಂಟವೊಂದರ ಮೇಲೆಯೇ ಬಿದ್ದರೆ ಬೆನ್ನೆಲುಬಿಗೂ ಹೊಟ್ಟೆಯ ಒಳಭಾಗಕ್ಕೂ ಪೆಟ್ಟಾಗುವದು. ಹೆಗಲು, ಎದೆ, ತೊಡೆಗಳನ್ನು ಸುತ್ತುವ ಪೂರ್ಣ ಪಟ್ಟಿಯನ್ನೇ ಕೊಳ್ಳಿರಿ. ಅದರ ಮೇಲೆ ‘ಐಎಸ್ 3521’ ಎಂಬ ಗುರುತು ಇರಬೇಕು. ಹಗ್ಗವನ್ನು ತಲೆಗಿಂತ ಮೇಲಿನ ದಪ್ಪ ಹಸಿ ಟೊಂಗೆಗೆ ಬಿಗಿಯಬೇಕು. ಕಾಲ ಕೆಳಗೆ ಬಿಗಿದರೆ ಬೀಳುವ ಅಂತರವೇ ಹೆಚ್ಚುವದು. ಮೇಲೇರುವಾಗ ಎರಡು ಹಗ್ಗ ಬೇಕು. ಒಂದನ್ನು ಬಿಗಿಯದೆ ಇನ್ನೊಂದನ್ನು ಬಿಚ್ಚಬಾರದು.

ಇನ್ನು ಪರೀಕ್ಷೆಯ ಮಾತು. ಪಟ್ಟಿಯನ್ನು ಗೇಣುಗೇಣಾಗಿ ಬಗ್ಗಿಸಿ ಬೆಳಕಿನಲ್ಲಿ ನೋಡಿದರೆ ಹರಿದ ಎಳೆ, ಬಿಚ್ಚಿದ ಹೊಲಿಗೆ ಕಾಣುತ್ತವೆ. ಕೊಕ್ಕೆಯ ಬಾಯಿ ತಾನಾಗಿಯೇ ಮುಚ್ಚಿಕೊಳ್ಳಬೇಕು. ನಮ್ಮ ಮನೆಯ ಪುಂಡಿನಾರಿನ ಹಗ್ಗ ಹೊರಗೆ ಗಟ್ಟಿಯಾಗಿಯೇ ಇತ್ತು. ಹುರಿ ಬಿಡಿಸಿ ನೋಡಿದರೆ ಒಳಗೆಲ್ಲ ಹಿಟ್ಟಿನಂಥ ಪುಡಿ! ಈಗದು ಕಣಿಕೆಯ ಸೂಡು ಕಟ್ಟಲಿಕ್ಕಷ್ಟೇ ಉಪಯೋಗ. ನೈಲಾನು ಕೊಳೆಯದು ನಿಜ, ಆದರೆ ಬಿಸಿಲು ಅದನ್ನು ತಿನ್ನುವದು. ಗೊಬ್ಬರದ ಚೀಲ, ಔಷಧಿಯ ಡಬ್ಬಿಗಳ ಹತ್ತಿರವೂ ಇಡಬಾರದು. ಬಿದ್ದವನನ್ನು ಒಮ್ಮೆ ತಡೆದ ಪಟ್ಟಿ, ಹಗ್ಗ ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗಿನ ಎಳೆ ಸೋತಿರಬಹುದು. ಕತ್ತರಿಸಿಯೇ ಒಗೆಯಿರಿ, ಇಲ್ಲವಾದರೆ ನಾಳೆ ಯಾವನೋ ಕೂಲಿಯವನು ಕಟ್ಟಿಕೊಂಡಾನು.

ಪಟ್ಟಿಯಲ್ಲಿ ನೇತಾಡುವವನನ್ನು ಬದುಕಿದನೆಂದು ಹಾಗೆಯೇ ಬಿಡಬೇಡಿರಿ. ಅಲುಗಾಡದೆ ತೂಗಿದರೆ ರಕ್ತ ಕಾಲಲ್ಲಿಯೇ ನಿಂತು ಕೆಲವು ನಿಮಿಷಗಳಲ್ಲಿ ಪ್ರಜ್ಞೆ ತಪ್ಪೀತು. ಏಣಿ ಗಿಡದ ಬುಡದಲ್ಲಿಯೇ ಇರಲಿ, ಕೆಳಗೊಬ್ಬರು ನಿಂತಿರಲಿ.