ಬಾಣದ ಹಿಂದಿನ ಸಾಕ್ಷ್ಯ

ಎಂ.ಎಸ್ಸಿ. ವಿದ್ಯಾರ್ಥಿಯ ನೋಟ್ಸಿನಲ್ಲಿ ರಿಯಾಕ್ಷನ್ ಮೆಕ್ಯಾನಿಸಂ ಎಂದರೆ ಪುಟದ ತುಂಬ ಬಾಗಿದ ಬಾಣಗಳು. ಬಾಲ ಎಲೆಕ್ಟ್ರಾನ್ ಜೋಡಿ ಇರುವಲ್ಲಿ, ಮೊನೆ ಅದು ಹೋಗಿ ಸೇರುವಲ್ಲಿ, ನಿಯಮ ಇಷ್ಟೇ. ಉರು ಹೊಡೆದು ಪಾಸಾಗಬಹುದು, ಪ್ರಶ್ನೆ ತುಸು ತಿರುಗಿಸಿ ಕೇಳಿದರೆ ಪೆನ್ನು ನಿಲ್ಲುತ್ತದೆ. ಪ್ರತಿ ಬಾಣದ ಹಿಂದೆಯೂ ಒಂದು ಪ್ರಯೋಗವಿದೆ. ಅದನ್ನು ಹುಡುಕಿಕೊಂಡು ಓದುವುದೇ ಭೌತ ಸಾವಯವ ರಸಾಯನಶಾಸ್ತ್ರ.

ಮೊದಲ ಸಾಕ್ಷ್ಯ ವೇಗದ್ದು. ಮೀಥೈಲ್ ಬ್ರೋಮೈಡ್‌ಗೆ ಕ್ಷಾರ ಬೆರೆಸಿ, ಕ್ಷಾರದ ಸಾಂದ್ರತೆಯನ್ನು ಎರಡರಷ್ಟು ಮಾಡಿದರೆ ವೇಗವೂ ಎರಡರಷ್ಟಾಗುತ್ತದೆ. ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್‌ನಲ್ಲಿ ಹಾಗಾಗುವುದಿಲ್ಲ. ಬ್ರೋಮಿನ್ ತಾನಾಗಿ ಕಳಚಿಕೊಳ್ಳುವುದೇ ಅಲ್ಲಿ ನಿಧಾನದ ಹಂತ. 1930ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಗೋಲ್ಡ್ ಮತ್ತು ಹ್ಯೂಸ್ ಈ ಎರಡು ದಾರಿಗಳನ್ನು ಎಸ್ಎನ್2, ಎಸ್ಎನ್1 ಎಂದು ವಿಂಗಡಿಸಿದರು. ಆದರೆ ವೇಗವೊಂದನ್ನೇ ನಂಬುವಂತಿಲ್ಲ. ದ್ರಾವಕವೇ ದಾಳಿ ಮಾಡಿದಾಗ ಅದರ ಸಾಂದ್ರತೆ ಬದಲಾಗುವುದೇ ಇಲ್ಲ, ಹಾಗಾಗಿ ಅದರ ಪಾತ್ರ ಲೆಕ್ಕಕ್ಕೆ ಸಿಗುವುದಿಲ್ಲ.

ಎಸ್ಎನ್2ನಲ್ಲಿ ದಾಳಿ ಹಿಂಬದಿಯಿಂದ ಎನ್ನುತ್ತೇವಲ್ಲ, ಅದಕ್ಕೇನು ಆಧಾರ? 1935ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಬೆಳಕನ್ನು ಒಂದೇ ಬದಿಗೆ ತಿರುಗಿಸುವ 2-ಅಯೋಡೋಆಕ್ಟೇನ್ ತೆಗೆದುಕೊಂಡು, ಅಸಿಟೋನ್‌ನಲ್ಲಿ ವಿಕಿರಣಶೀಲ ಅಯೋಡೈಡ್ ಜೊತೆ ಬೆರೆಸಿದರು. ಹಳೆಯ ಅಯೋಡಿನ್ ಹೋಗಿ ಹೊಸದು ಸೇರಿದ್ದನ್ನು ವಿಕಿರಣದಿಂದ ಅಳೆಯಬಹುದು. ಅಣು ಮಗುಚಿತೇ ಎಂಬುದನ್ನು ಬೆಳಕು ಹೇಳುತ್ತದೆ. ಈಗ ಲೆಕ್ಕ ಹಾಕಿ. ನೂರು ಅಣುಗಳಲ್ಲಿ ಹತ್ತು ಅಯೋಡಿನ್ ಬದಲಿಸಿಕೊಂಡು ಮಗುಚಿದರೆ, ಉಳಿದ ತೊಂಬತ್ತರಲ್ಲಿ ಹತ್ತರ ತಿರುವನ್ನು ಅವು ಅಳಿಸಿಹಾಕುತ್ತವೆ. ಅಂದರೆ ವಿನಿಮಯ ಶೇ. 10, ತಿರುವಿನಲ್ಲಿ ನಷ್ಟ ಶೇ. 20. ಪ್ರತಿ ವಿನಿಮಯವೂ ಅಣುವನ್ನು ಮಗುಚಿದರೆ ತಿರುವು ಕುಂದುವ ವೇಗ ವಿನಿಮಯದ ಎರಡರಷ್ಟಿರಬೇಕು. ಅಳತೆಯಲ್ಲಿ ಸಿಕ್ಕಿದ್ದೂ ಅದೇ.

ಯಾವ ಬಂಧ ಮುರಿಯಿತು ಎಂಬುದಕ್ಕೆ ಐಸೋಟೋಪ್ ಉತ್ತರಿಸುತ್ತದೆ. 1934ರಲ್ಲಿ ಪೋಲಾನಿ ಮತ್ತು ಸಾಬೋ ಆಕ್ಸಿಜನ್-18 ಇದ್ದ ನೀರಿನಲ್ಲಿ ಅಮೈಲ್ ಅಸಿಟೇಟ್ ಎಂಬ ಎಸ್ಟರನ್ನು ಕ್ಷಾರದಿಂದ ಒಡೆದರು. ಭಾರದ ಆಕ್ಸಿಜನ್ ಆಲ್ಕೋಹಾಲಿಗೆ ಬರಲಿಲ್ಲ. ಹಾಗಾದರೆ ಮುರಿದದ್ದು ಕಾರ್ಬೊನೈಲ್ ಬದಿಯ ಬಂಧವೇ.

ಎಲೆಕ್ಟ್ರಾನ್ ಎತ್ತ ಸರಿಯಿತು ಎಂಬುದಕ್ಕೆ 1937ರ ಹ್ಯಾಮೆಟ್ ಸಮೀಕರಣವಿದೆ. ಬೆಂಜೀನ್ ಉಂಗುರದ ಮೇಲೆ ನೈಟ್ರೋ, ಮೆಥಾಕ್ಸಿಯಂಥ ಗುಂಪುಗಳನ್ನು ಬದಲಿಸುತ್ತ ವೇಗ ಅಳೆಯಬೇಕು. ಗುಂಪು ಎಲೆಕ್ಟ್ರಾನ್ ಎಳೆಯುವ ಬಲದೆದುರು ವೇಗದ ಲಾಗರಿದಮ್ ಗುರುತಿಸಿದ ಗ್ರಾಫಿನ ಇಳಿಜಾರು, ಅಂದರೆ ರೋ, ಧನವಾಗಿದ್ದರೆ ಕ್ರಿಯಾಕೇಂದ್ರದಲ್ಲಿ ಋಣ ಆವೇಶ ಹೆಚ್ಚುತ್ತಿದೆ ಎಂದರ್ಥ. ಋಣವಾಗಿದ್ದರೆ ಧನ ಆವೇಶ ಬೆಳೆಯುತ್ತಿದೆ.

ಇನ್ನು ಓದುವ ಕ್ರಮ. ಮೊದಲು ಪಿಕೆಎ ಮೌಲ್ಯಗಳು ಮತ್ತು ಶಕ್ತಿಯ ನಕ್ಷೆ ಕೈಗೆ ಹತ್ತಬೇಕು. ಆಮೇಲೆ ಪ್ರತಿ ಮೆಕ್ಯಾನಿಸಂ ಪಕ್ಕದಲ್ಲಿ ವೇಗದ ಸಮೀಕರಣ, ಅಣುವಿನ ವಿನ್ಯಾಸ, ಐಸೋಟೋಪ್, ಬದಲಿ ಗುಂಪಿನ ಪರಿಣಾಮ ಎಂದು ನಾಲ್ಕು ಸಾಲು ಬರೆಯಿರಿ. ಏನು ಕಂಡರೆ ಈ ದಾರಿ ತಪ್ಪೆನ್ನಬಹುದು ಎಂಬುದನ್ನು ಕೊನೆಗೆ ಸೇರಿಸಿ. ಉದಾಹರಣೆಗೆ ಇ2, ಅಂದರೆ ಹೈಡ್ರೋಜನ್ ಮತ್ತು ಬಿಟ್ಟುಹೋಗುವ ಗುಂಪು ಒಂದೇ ಹಂತದಲ್ಲಿ ಕಳಚುವ ಎಲಿಮಿನೇಷನ್, ಎಂದು ಬರೆದಿದ್ದೀರಿ ಎನ್ನಿ. ಕಿತ್ತುಹೋಗುವ ಹೈಡ್ರೋಜನ್ ಬದಲು ಡ್ಯುಟೀರಿಯಂ ಇಟ್ಟರೆ ವೇಗ ಹಲವು ಪಟ್ಟು ತಗ್ಗಬೇಕು. ಅದು ಹೆಚ್ಚೂಕಡಿಮೆ ಹಾಗೆಯೇ ಉಳಿದರೆ ಆ ಬಂಧ ನಿಧಾನದ ಹಂತದಲ್ಲಿ ಮುರಿಯುತ್ತಿಲ್ಲ. ಇ2 ಹೊಡೆದುಹಾಕಿ, ಗುಂಪು ಮೊದಲು ತಾನಾಗಿ ಕಳಚುವ ಇ1 ಪರಿಶೀಲಿಸಿ.